ಜ್ಞಾನಸ್ನಾನದ ಊಟಕ್ಕೆ ಬಂದ ಇಬ್ಬರು

ಮಗಳು ಹುಟ್ಟಿದಾಗ ನಾವು ಗಲ್ಫಿನ ಮನಾಮಾದಲ್ಲಿ ಒಂದು ಕೋಣೆಯಲ್ಲಿದ್ದೆವು. ಅದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ನಮ್ಮ ಮಂಗಳೂರು ಕಡೆಯದೇ ಬ್ಯಾರಿ ಮುಸಲ್ಮಾನರ ಸಂಸಾರ. ಅಡುಗೆಮನೆ ಇಬ್ಬರಿಗೂ ಒಂದೇ. ಬೆಳಿಗ್ಗೆ ಅವರ ಚಾ ಆದ ಮೇಲೆ ನನ್ನ ಗಂಜಿ. ಹಂದಿಮಾಂಸ ಒಳಗೆ ತರುವುದಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ, ಯಾರೂ ಹೇಳಿದ್ದಲ್ಲ. ಎಪ್ಪತ್ತರ ದಶಕದ ಕೊನೆ ಅದು. ಮಾಲೀಕ ಫ್ಲ್ಯಾಟು ಖಾಲಿ ಮಾಡಿ ಎಂದಿದ್ದ. ರಿಫಾದಲ್ಲಿ ನಮ್ಮ ಯಜಮಾನರ ಕಂಪೆನಿಯ ಕ್ವಾರ್ಟರ್ಸ್ ಸಿಗದಿದ್ದರೆ ನಾನು ಮಗುವನ್ನು ಎತ್ತಿಕೊಂಡು ಊರಿಗೆ ಹೋಗುವುದೇ ಆಗಿತ್ತು. ಮನೆ ಯಾರಿಗೆ ಎಂದು ಹೇಳುವವನು ಇವರ ದೊರೆ, ಬಿಳಿಯ. ಹಾಗಾಗಿ ಜ್ಞಾನಸ್ನಾನದ ಊಟಕ್ಕೆ ಅವನನ್ನು ಕರೆಯುವುದೆಂದಾಯಿತು.

ನಮ್ಮಲ್ಲಿ ಚೊಚ್ಚಲ ಮಗುವನ್ನು ಜ್ಞಾನಸ್ನಾನಕ್ಕೆ ಎತ್ತಿಕೊಳ್ಳುವುದು ಅಜ್ಜಿ. ಅಜ್ಜಿ ಸಮುದ್ರದಾಚೆ ಇದ್ದಳು. ಹೆರಿಗೆ ಮಾಡಿಸಿದ ಐರಿಷ್ ನರ್ಸು ಅಲ್ಲಿ ರಜೆಯ ದಿನವಾದ ಶುಕ್ರವಾರದ ಪೂಜೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಅವಳನ್ನೇ ಜ್ಞಾನತಾಯಿ ಆಗುತ್ತೀಯಾ ಎಂದು ಕೇಳಿದೆ. ಕಣ್ಣು ಒರೆಸಿಕೊಂಡು ಒಪ್ಪಿದಳು.

ಆ ಶುಕ್ರವಾರ ಇಗರ್ಜಿಯಿಂದ ಬಂದು ಊಟಕ್ಕೆ ಬಡಿಸಿದೆ. ಇಡ್ಲಿಯ ಹಾಗಿನ ಸಣ್ಣದ ಹಿಟ್ಟು ಉಬ್ಬಲು ಶೇಂದಿ ಎಲ್ಲಿಂದ ತರುವುದು, ಯೀಸ್ಟ್ ಹಾಕಿದ್ದೆ, ಸ್ವಲ್ಪ ಗಟ್ಟಿಯಾಗಿತ್ತು. ಜೊತೆಗೆ ಕೋಳಿ ಸಾರು. ಮೇಜು ಒಂದೇ, ಕುರ್ಚಿ ಬ್ಯಾರಿ ಅಕ್ಕನದ್ದು. ಇಬ್ಬರೂ ಬಿಳಿಯರು, ಇಬ್ಬರೂ ಯೇಸುವನ್ನು ನಂಬುವವರು, ಮಾತಾಡಿಕೊಂಡು ಉಣ್ಣಲಿ ಎಂದು ದೊರೆಯನ್ನೂ ನರ್ಸನ್ನೂ ಅಕ್ಕಪಕ್ಕ ಕೂರಿಸಿದೆ. ಉಳಿದವರೆಲ್ಲ ಚಾಪೆಯ ಮೇಲೆ.

ದೊರೆ ಬಾಯಿ ತೆರೆದದ್ದೇ, ಮಾತಿನ ಧಾಟಿ ಕೇಳಿ ನರ್ಸು ಅವನ ಮುಖ ನೋಡಿದಳು. ಊರು ಯಾವುದೆಂದು ಕೇಳಿದಳು. ಉತ್ತರ ಐರ್ಲೆಂಡಿನಲ್ಲಿ ಇಬ್ಬರದೂ ಒಂದೇ ಪೇಟೆ! ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನರ್ಸು ಮೆಲ್ಲಗೆ ಇನ್ನೊಂದು ಕೇಳಿದಳು, ಯಾವ ಶಾಲೆಗೆ ಹೋದದ್ದು ಅಂತ. ಅವನು ಹೇಳಿದ. ಅವಳು ಚಮಚ ಕೆಳಗಿಟ್ಟಳು. ಅವನ ಮನೆತನದ ಹೆಸರು ಹೇಳಿ, ಹಾಗಾದರೆ ಆ ಕೌನ್ಸಿಲರನ ಮಗ ನೀವು ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು.

ಬ್ಯಾರಿ ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಇಬ್ಬರೂ ನಿಮ್ಮವರೇ ಅಲ್ಲವಾ? ಮತ್ತೆ ಯಾಕೆ ಮುಖ ಹಾಗೆ?" ಎಂದರು. ನಾನು ಇನ್ನಷ್ಟು ಸಾರು ತರಲು ಅಡುಗೆಮನೆಗೆ ಹೋದೆ.

ನರ್ಸು ನೀರಿನ ನೆಪದಲ್ಲಿ ಅಡುಗೆಮನೆಗೆ ಬಂದಳು. ಅವರ ಪೇಟೆಯಲ್ಲಿ ಶಾಲೆಯ ಹೆಸರು ಹೇಳಿದರೆ ಕಥೋಲಿಕರೋ ಪ್ರೊಟೆಸ್ಟಂಟರೋ ಗೊತ್ತಾಗುತ್ತದಂತೆ. ನಾವೂ ಹೊಸಬರು ಸಿಕ್ಕಿದರೆ ಯಾವ ಇಗರ್ಜಿ, ಯಾವ ಮನೆ ಎಂದು ಕೇಳುವುದಿಲ್ಲವಾ, ಕೇಳಿ ಸಂಬಂಧ ಆದೀತಾ ಇಲ್ಲವಾ ಎಂದು ಮನಸ್ಸಿನಲ್ಲೇ ಅಳೆಯುವುದಿಲ್ಲವಾ, ಅಷ್ಟು ನನಗೆ ಅರ್ಥವಾಯಿತು. ಮುಂದಿನದ್ದು ಆಗಲಿಲ್ಲ. ಪೇಟೆಯ ಮನೆಗಳನ್ನು ಹಂಚುತ್ತಿದ್ದದ್ದು ಕೌನ್ಸಿಲಿನವರು, ಅವರು ಪ್ರೊಟೆಸ್ಟಂಟರು. ಅವಳ ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಮನೆಯ ಒಂದು ಕೋಣೆಯಲ್ಲೇ ವರ್ಷಗಟ್ಟಲೆ ಇದ್ದಳು, ಕೇಳಿದಾಗಲೆಲ್ಲ ಇಲ್ಲ ಎಂದರು. ಒಬ್ಬರಿಗೆ ಒಂದು ಓಟು ಎಂದು ಕೂಗುತ್ತ ಮೆರವಣಿಗೆಯಲ್ಲಿ ಹೋಗಿ ತಾನು ಪೊಲೀಸರ ಲಾಠಿ ಏಟು ತಿಂದದ್ದನ್ನೂ ಹೇಳಿದಳು. ಮನೆಯ ವಿಷಯದಲ್ಲಿ ಓಟು ಎಲ್ಲಿಂದ ಬಂತೆಂದು ನನಗೆ ಹೊಳೆಯಲಿಲ್ಲ, ಕೇಳುವ ಸಮಯವೂ ಅಲ್ಲ. ಸಾರು ಆರುತ್ತಿತ್ತು.

ಅವಳು ವಾಪಸು ಹೋಗಿ ಅದೇ ಕುರ್ಚಿಯಲ್ಲಿ ಕೂತು ತಟ್ಟೆ ಖಾಲಿ ಮಾಡಿದಳು. ಹೊರಡುವಾಗ ದೊರೆ ಬಾಗಿಲ ಹತ್ತಿರ ನಿಂತು ನರ್ಸನ್ನು ಕೇಳಿದ, ಅವಳ ಮನೆಯ ಕತೆ ಅವನಿಗೂ ಗೊತ್ತಿದ್ದ ಹಾಗೆ.

"ನಿಮ್ಮ ತಾಯಿ ಈಗ ಎಲ್ಲಿದ್ದಾರೆ?"

"ಕೊನೆಗೆ ಮನೆ ಕೊಟ್ಟರು," ಎಂದಳು. "ಒಂದೇ ಚಳಿಗಾಲ ಬದುಕಿದ್ದಳು ಅದರಲ್ಲಿ."

ಅವನು ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಬಿಸಿಲಿಗೆ ಇಳಿದ.

ರಿಫಾದ ಮನೆ ಕೈತಪ್ಪಿತು ಎಂದೇ ನಾವು ತಿಳಿದದ್ದು. ಪಾತ್ರೆ ತೊಳೆಯುವಾಗ ಇವರು ಬಂದು, "ಎಂಥ ಮಾರಾಯ್ತಿ, ಒಟ್ಟಿಗೆ ಕೂರಿಸುವ ಮೊದಲು ಸ್ವಲ್ಪ ಕೇಳುವುದಲ್ಲವಾ?" ಎಂದರು. ಏನಂತ ಕೇಳಬೇಕಿತ್ತು ಎಂದೆ. ಇವರು ತೊಳೆದ ಪಾತ್ರೆ ಎತ್ತಿಡತೊಡಗಿದರು. ನಾನು ಟ್ರಂಕಿನ ಬಟ್ಟೆ ತೆಗೆದು ಬಿಸಿಲಿಗೆ ಹಾಕಿದೆ, ಊರಿಗೆ ಹೋಗುವುದಾದರೆ ಎಂದು.

ಟ್ರಂಕು ತುಂಬುವ ಮೊದಲೇ ಇವರು ಕೀಲಿಕೈ ತಂದರು. ರಿಫಾದಲ್ಲಿ ಎರಡು ಕೋಣೆ, ನನ್ನದೇ ಅಡುಗೆಮನೆ. ದೊರೆ ಅದನ್ನು ಇವರ ಮೇಜಿನ ಮೇಲೆ ಇಟ್ಟು ಹೋದನಂತೆ. ಆ ಬಾಗಿಲ ಮಾತು ಅವನಿಗೆ ನಾಟಿತೋ, ನಮಗೆ ಕೊಡುವುದೆಂದು ಮೊದಲೇ ಇತ್ತೋ, ನನಗೆ ಗೊತ್ತಿಲ್ಲ.

ಪಾದ್ರಿಯವರು ಬಂದು ಮನೆಗೆ ತೀರ್ಥ ಚಿಮುಕಿಸಿದ ದಿನ ನರ್ಸೂ ಬಂದಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಂದೊಂದೇ ಕೋಣೆ ನೋಡಿದಳು, ನಲ್ಲಿ ತಿರುಗಿಸಿ ನೀರು ನೋಡಿದಳು. ನನ್ನ ಹೊಟ್ಟೆಯೊಳಗಿದ್ದ ಪ್ರಶ್ನೆಯನ್ನು ಆಗ ಕೇಳಿಯೇ ಬಿಟ್ಟೆ. ನಾವೂ ಕಥೋಲಿಕರೇ, ನೀವೂ ಕಥೋಲಿಕರೇ. ಅವನ ಅಪ್ಪ ನಿಮ್ಮ ತಾಯಿಗೆ ಕೊಡದ್ದನ್ನು ಮಗ ನಮಗೆ ಹೇಗೆ ಕೊಟ್ಟ?

ಅವಳು ನಲ್ಲಿ ಮುಚ್ಚಿದಳು. "ನಮ್ಮಲ್ಲಿ ಮನೆ ಇದ್ದವರಿಗೆ ಮಾತ್ರ ಕೌನ್ಸಿಲಿನ ಓಟು ಇತ್ತು. ನಮ್ಮವರಿಗೆ ಮನೆ ಕೊಟ್ಟರೆ ಓಟು ಕೊಟ್ಟ ಹಾಗೆ, ಕೌನ್ಸಿಲು ಅವರ ಕೈತಪ್ಪೀತು. ನಿಮಗೆ ಇಲ್ಲಿ ಓಟಿಲ್ಲವಲ್ಲ. ಕೊಟ್ಟರೆ ಅವನಿಗೇನು ನಷ್ಟ?"

ಸಿಟ್ಟಿನಲ್ಲಿ ಹೇಳಿದ್ದಲ್ಲ. ಹೇಳಿ ಮಗುವಿನ ತಲೆ ಸವರಿದಳು.

ಅವಳು ಹೋದ ಮೇಲೆ ಹಾಲು ಕಾಯಿಸಲು ಇಟ್ಟು ಅಲ್ಲೇ ನಿಂತೆ. ಕೀಲಿಕೈ ಕಂಡಾಗ ದೇವರಿಗೆ ಸ್ತೋತ್ರ ಹೇಳಿದ್ದೆ, ದೊರೆಯ ಹೆಸರಿನಲ್ಲೂ ಒಂದು ಪ್ರಾರ್ಥನೆ ಹೇಳಿದ್ದೆ. ಆ ಪ್ರಾರ್ಥನೆಯನ್ನು ಇನ್ನು ಮುಂದುವರಿಸುವುದಾ ಬಿಡುವುದಾ ತಿಳಿಯಲಿಲ್ಲ. ಊರಲ್ಲಿ ನನಗೆ ಓಟಿತ್ತು, ಮನೆ ಇರಲಿಲ್ಲ. ಇಲ್ಲಿ ಮನೆ ಇತ್ತು. ಹಾಲು ಉಕ್ಕಿ ಹೊಸ ಒಲೆಯ ಮೇಲೆ ಚೆಲ್ಲಿತು. ಹೊಸ ಮನೆಯಲ್ಲಿ ಹಾಲು ಉಕ್ಕಿದರೆ ಒಳ್ಳೆಯದೇ ಎಂದು ಒಳಗಿನಿಂದ ಇವರು ಕೂಗಿದರು. ನಾನು ಒರೆಸಿದೆ. ಆ ರಾತ್ರಿ ದೊರೆಗಾಗಿ ಹೇಳುವ ಪ್ರಾರ್ಥನೆಯ ಜೊತೆ ನರ್ಸಿನ ತಾಯಿಯದ್ದೂ ಒಂದು ಸೇರಿಸಿದೆ. ಆ ಎರಡು ಮನೆಯವರನ್ನೂ ಮತ್ತೆ ಅಕ್ಕಪಕ್ಕ ಕೂರಿಸಿದ ಹಾಗಾಯಿತೋ ಏನೋ.