ಕೋಟೆಯ ಗೋಡೆಗೆ ಅಪ್ಪ ಕೈಹಾಕಿದ್ದು

ಅಪ್ಪ ಮಸ್ಕತ್ತಿಗೆ ಬಂದ ಹತ್ತನೇ ದಿನಕ್ಕೇ ಊರಿಗೆ ಹೊರಡುವ ಮಾತು ತೆಗೆದರು. ವೀಸಾ ಇದ್ದದ್ದು ಒಂದು ತಿಂಗಳಿಗೆ. ನಲವತ್ತು ವರ್ಷ ಉಡುಪಿ ಕಡೆ ಮುರಕಲ್ಲಿನ ಗೋಡೆ ಕಟ್ಟಿದ ಮೇಸ್ತ್ರಿ ಅವರು. ವಾದಿ ಅದಾಯ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅವರಿಗಿದ್ದ ಕೆಲಸವೆಂದರೆ ಗೋಡೆ ನೋಡಿ ಮೂಗು ಮುರಿಯುವುದು. ಬಚ್ಚಲಿನ ಮೂಲೆ ಓರೆ, ಬಾಲ್ಕನಿಯ ಕಟ್ಟೆ ಉಬ್ಬು. ನಾನು ಟೈಲ್ಸ್ ಶೋರೂಮಿನಲ್ಲಿ ಸೇಲ್ಸ್‌ನವನು. ಅವರ ಪ್ರಕಾರ ನನ್ನದು ಕೆಟ್ಟ ಗೋಡೆಗೆ ಅಂಗಿ ತೊಡಿಸುವ ವ್ಯಾಪಾರ.

“ಇಲ್ಲಿ ನನ್ನಿಂದ ಯಾರಿಗೆ ಏನು ಉಪಯೋಗ ಉಂಟು? ಬೇಗದ್ದೊಂದು ಟಿಕೆಟ್ ಮಾಡು” ಎಂದರು.

ನನಗೆ ಸಿಟ್ಟು ಬಂತು, ಬೇಸರವೂ ಆಯಿತು. ಹನ್ನೆರಡು ವರ್ಷ ಕರೆದ ಮೇಲೆ ಬಂದವರು. ತಿಂಗಳು ತುಂಬುವ ತನಕ ಕಳಿಸುವುದಿಲ್ಲ ಎಂದು ಹಟ ಹಿಡಿದೆ. ಎಲ್ಲಾದರೂ ಕರೆದುಕೊಂಡು ಹೋಗಿ ಎಂದಳು ಹೆಂಡತಿ. ಹಾಗೆ ಒಂದು ಶುಕ್ರವಾರ ನಾವಿಬ್ಬರು, ಮಗಳು ಮತ್ತು ಮುಖ ಊದಿಸಿಕೊಂಡ ಅಪ್ಪ ನಿಜ್ವಾ ಪಟ್ಟಣದಿಂದ ಆಚೆ ಒಂದು ಹಳ್ಳಿಯ ಗುಡ್ಡದ ಮೇಲಿನ ಪಾಳುಕೋಟೆ ನೋಡಲು ಹೊರಟೆವು. ಗುಡ್ಡದ ಬುಡದಲ್ಲೇ ಒಬ್ಬ ಒಮಾನಿ ಮುದುಕನ ಮಣ್ಣಿನ ಮನೆಯಲ್ಲಿ ಒಂದು ರಾತ್ರಿಯ ವಾಸ್ತವ್ಯ.

ಕೋಟೆಯ ಅರ್ಧ ಗೋಡೆ ನೆಲದ ಮೇಲಿತ್ತು. ನಮಗೆ ಅದು ಇತಿಹಾಸ, ಅಪ್ಪನಿಗೆ ಯಾರೋ ಅರ್ಧಕ್ಕೆ ಬಿಟ್ಟುಹೋದ ಕೆಲಸ. ನೆರಳಿನಲ್ಲಿ ಕೂತು ನಾವು ಗೋಳಿಬಜೆಯ ಡಬ್ಬ ಬಿಚ್ಚುವಷ್ಟರಲ್ಲಿ ಅವರು ಕಾಣಲಿಲ್ಲ. ಹುಡುಕಲು ಹೋದ ಮಗಳು ಓಡಿ ಬಂದು, “ಅಜ್ಜ ಈಸ್ ಫಿಕ್ಸಿಂಗ್ ಇಟ್” ಎಂದಳು.

ಹೋಗಿ ನೋಡಿದರೆ ಅಪ್ಪ ಪಂಚೆ ಎತ್ತಿ ಕಟ್ಟಿ, ಉರುಳಿದ ಕಲ್ಲುಗಳನ್ನು ಹೆಕ್ಕಿ ಒಂದು ಸಾಲು ಇಟ್ಟೇಬಿಟ್ಟಿದ್ದರು. ದಾರದ ತುದಿಗೆ ನಮ್ಮ ಫ್ಲ್ಯಾಟಿನ ಬೀಗದ ಕೈ ಕಟ್ಟಿ, ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಗೋಡೆಯ ನೇರ ನೋಡುತ್ತಿದ್ದರು. ಅಷ್ಟರಲ್ಲಿ ಕಾವಲುಗಾರ ಕೂಗುತ್ತ ಬಂದ. ನಾನು ಕೈಮುಗಿದು ಹಿಂದಿಯಲ್ಲಿ ಬೇಡಿಕೊಂಡೆ. ಪುರಾತನ ಕೋಟೆ, ಬಿದ್ದದ್ದು ಬಿದ್ದ ಹಾಗೆಯೇ ಇರಬೇಕು, ಇಟ್ಟ ಕಲ್ಲು ತೆಗೆದರೆ ಖಲಾಸ್, ವಿಷಯ ಅಲ್ಲಿಗೇ ಮುಗಿಯಿತು, ಇಲ್ಲದಿದ್ದರೆ ಪೊಲೀಸ್ ಎಂದ. ಅದನ್ನು ಅಪ್ಪನಿಗೆ ತಿಳಿಸಿದೆ.

“ಬಿದ್ದ ಹಾಗೇ ಇರ್ಲಿಕ್ಕೆ ಕಾವಲುಗಾರ ಯಾಕೆ?” ಎಂದರು ಅಪ್ಪ.

ಆದರೂ ಒಂದೊಂದೇ ಕಲ್ಲನ್ನು ತಾವೇ ಇಳಿಸಿದರು. ನಲವತ್ತು ವರ್ಷದಲ್ಲಿ ಅವರು ಕಟ್ಟಿದ್ದನ್ನು ಅವರಿಂದಲೇ ಯಾರೂ ಕೆಡವಿಸಿರಲಿಲ್ಲ. ಅಲ್ಲಿಯ ತನಕ ನಗು ತಡೆದುಕೊಂಡಿದ್ದ ನನಗೆ ಆಮೇಲೆ ನಗು ಬರಲಿಲ್ಲ. ಗುಡ್ಡ ಇಳಿಯುತ್ತ ಅವರು ಹೇಳಿದ್ದು ಒಂದೇ ಮಾತು, ಟಿಕೆಟ್ಟಿನದು.

ಸಂಜೆ ಕಹ್ವಾ ಕುಡಿಯುವಾಗ ಮನೆಯ ಮುದುಕನಿಗೆ ಈ ಕಥೆ ಹೇಳಿದೆ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಕೆಮ್ಮು ಬರುವ ತನಕ ನಕ್ಕ. ತಮ್ಮನ್ನು ಗೇಲಿ ಮಾಡಿದನೆಂದು ಅಪ್ಪ ಎದ್ದು ಒಳಗೆ ಹೋದರು. ಕಥೆ ಹೇಳಿದ ನನ್ನ ಬಾಯಿಗೆ ನಾನೇ ಶಾಪ ಹಾಕಿದೆ.

ಬೆಳಿಗ್ಗೆ ಎದ್ದರೆ ಅಪ್ಪನ ಹಾಸಿಗೆ ಖಾಲಿ. ಮನೆಯ ಹಿಂದೆ, ಕಳೆದ ಮಳೆಗೆ ಕುಸಿದಿದ್ದ ಖರ್ಜೂರದ ತೋಟದ ಗೋಡೆಯ ಆಚೆ ಮುದುಕ, ಈಚೆ ಅಪ್ಪ. ಆತನೇ ಕೈಹಿಡಿದು ಕರೆದುಕೊಂಡು ಹೋದನಂತೆ. ಕಲಸಿದ ಮಣ್ಣಿಗೆ ಹುಲ್ಲು ಜಾಸ್ತಿಯಾಯಿತೆಂದು ಅಪ್ಪ ತುಳುವಿನಲ್ಲಿ ಬೈದರೆ, ಮುದುಕ ಅರಬಿಯಲ್ಲಿ ಅದಕ್ಕಿಂತ ದೊಡ್ಡ ಸ್ವರದಲ್ಲಿ ಬೈಯುತ್ತಿದ್ದ. ಇಬ್ಬರ ಕೈಯೂ ನಿಲ್ಲಲಿಲ್ಲ. ನಡುವೆ ನಮ್ಮ ಬೀಗದ ಕೈ ನೇತಾಡುತ್ತಿತ್ತು.

ಹನ್ನೆರಡಕ್ಕೆ ಕೋಣೆ ಬಿಡಬೇಕಿತ್ತು. ಬ್ಯಾಗು ತುಂಬಿ ಕಾರಿನಲ್ಲಿ ಕೂತ ನಾವು ಮೂವರು ಬೆವರಿ ತೊಪ್ಪೆಯಾದೆವು. ಯಲ್ಲಾ, ಹೊರಡುವ ಎಂದು ನಾನು ಕರೆದಾಗಲೆಲ್ಲ ಅಪ್ಪ ಇನ್ನೊಂದು ಸಾಲು ಎನ್ನುತ್ತಿದ್ದರು. ಹೊರಟಾಗ ಸಂಜೆ ನಾಲ್ಕು. ಅರ್ಧ ದಾರಿಯಲ್ಲಿ ಅಪ್ಪ ಬಾಯಿಬಿಟ್ಟರು.

“ವೀಸಾ ಇನ್ನೆಷ್ಟು ದಿನ ಉಂಟು?”

ಹದಿನೆಂಟು ದಿನ ಎಂದೆ.

“ಹಾಗಾದ್ರೆ ಬರುವ ಶುಕ್ರವಾರ ಇನ್ನೊಮ್ಮೆ ಬರುವ. ಮೇಲಿನ ಸಾಲು ಬಾಕಿ ಉಂಟು.”

ತಿಂಗಳು ತುಂಬಿಸಿಯೇ ಅವರು ಊರಿಗೆ ಹೋದರು. ಆಮೇಲೆ ಫೋನಿನಲ್ಲಿ ನನ್ನ ಆರೋಗ್ಯಕ್ಕಿಂತ ಮೊದಲು ಗೋಡೆಯ ಆರೋಗ್ಯ ಕೇಳತೊಡಗಿದರು. ಕಾಟ ತಡೆಯಲಾರದೆ ಒಂದು ಶುಕ್ರವಾರ ಹೋಗಿ ಫೋಟೋ ತೆಗೆದು ಕಳಿಸಿದೆ. ಕೂಡಲೇ ಫೋನ್ ಬಂತು.

“ಮೂರನೇ ಸಾಲು ಅವನದ್ದು. ಓರೆ ಉಂಟು ಮಾರಾಯ, ನಾನೇ ಬಂದು ಸರಿ ಮಾಡ್ಬೇಕು. ವೀಸಾ ಮಾಡು.”

ಹನ್ನೆರಡು ವರ್ಷ ನಾನು ಕರೆದರೂ ಬಾರದಿದ್ದವರು. ಮರುದಿನವೇ ವೀಸಾಕ್ಕೆ ಅರ್ಜಿ ಹಾಕಿದೆ. ಆಮೇಲೆ ಮುದುಕನಿಗೆ ಫೋನ್ ಮಾಡಿ, ದಯವಿಟ್ಟು ಆ ಸಾಲನ್ನು ಮುಟ್ಟಬೇಡಿ ಎಂದು ಬೇಡಿಕೊಂಡೆ.