ಮೂರು ಸೇರು ತೌಡು

ನಮ್ಮ ಮನೆಯಲ್ಲಿ ಒಂದು ವಾರದಿಂದ ಹಬ್ಬವೋ ಹಬ್ಬ. ಮೊಮ್ಮಗಳಿಗೆ ಏಳು ತುಂಬುತ್ತದೆ ಎಂದು ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅವಳು ನಕ್ಕರೆ ಸಾಕು, ಮಂಡಿನೋವು ಮರೆತು ಬಾಗಿಲಿನ ತನಕ ಓಡುತ್ತೇನೆ. ಸೊಸೆ ಬಲೂನು ತಂದಿದ್ದಳು. ಮಗ, ಮಗುವಿಗೆ ಒಳ್ಳೆಯದೆಂದು ಸಾಲಗಾಮೆ ಕಡೆಯ ರೈತರಿಂದ ಪಾಲಿಶ್ ಮಾಡದ ಕೆಂಪಕ್ಕಿಯ ಚೀಲ ತಂದಿದ್ದ. ಪಾಯಸಕ್ಕೆ ಅಕ್ಕಿ ತೆಗೆಯೋಣವೆಂದು ಚೀಲದೊಳಗೆ ಕೈಹಾಕಿದೆ. ಅಂಗೈಗೆಲ್ಲ ತೌಡು ಮೆತ್ತಿಕೊಂಡು ಬಂತು. ಮೂಗಿನ ಹತ್ತಿರ ಹಿಡಿದೆ. ಬಿಸಿಲಿನಲ್ಲಿ ಆಡಿ ಬಂದ ಮಕ್ಕಳ ಎಣ್ಣೆತಲೆಯ ವಾಸನೆ ಅದು... ಅಲ್ಲಿಯೇ ಕುಳಿತುಬಿಟ್ಟೆ.

"ಯಾಕತ್ತೆ, ತಲೆ ಸುತ್ತಿತಾ?" ಎಂದಳು ಸೊಸೆ.

ಇಲ್ಲ ಎಂದೆ. ಆದರೆ ಅಷ್ಟು ಹೊತ್ತಿಗೆ ನಾನು ಹೊಳೆನರಸೀಪುರದ ನಮ್ಮ ಹಳೆಯ ಬೀದಿಯಲ್ಲಿದ್ದೆ.

ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಪುರಿ ಹುರಿಯುವ ಒಬ್ಬಳು ಇದ್ದಳು. ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಮುಂದಿನ ಅಂಕಣದಲ್ಲಿ ಬಟ್ಟಿ, ದೊಡ್ಡ ಬಾಣಲೆ, ಅದರ ತುಂಬ ಕಾದ ಮರಳು. ಒಂದು ಹಿಡಿ ಅಕ್ಕಿ ಎರಚಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುರಿಯಾಗಿ ಏಳುತ್ತಿತ್ತು. ಅರಕಲಗೂಡಿನಲ್ಲಿದ್ದ ತಮ್ಮ ಭತ್ತ ಕಳಿಸುತ್ತಿದ್ದ. ಅದನ್ನು ಬೇಯಿಸಿ, ಒಣಗಿಸಿ, ತಾನೇ ಒನಕೆ ಹಿಡಿದು ಕುಟ್ಟುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಒಂದು ಗುಡಾಣದ ತುಂಬ ತೌಡು ಯಾವಾಗಲೂ ಇರುತ್ತಿತ್ತು. ಊರಿನವರೆಲ್ಲ ಅವಳನ್ನು ಪುರಿಯವ್ವ ಎನ್ನುತ್ತಿದ್ದರು. ನೆರೆಹೊರೆಯ ವರಸೆಯಲ್ಲಿ ಅಪ್ಪನಿಗೆ ಚಿಕ್ಕವ್ವ, ನಮ್ಮ ತಾಯಿಗೆ ಅತ್ತೆ. ನಾನು ಬರೀ ಅವ್ವ ಎನ್ನುತ್ತಿದ್ದೆ.

ಅದಕ್ಕೆ ಕಾರಣವಿತ್ತು. ನನಗಿಂತ ಮೊದಲು ನಮ್ಮ ತಾಯಿಗೆ ಹುಟ್ಟಿದ ಮೂರು ಮಕ್ಕಳು ವರ್ಷ ತುಂಬುವುದರೊಳಗೆ ಹೋಗಿಬಿಟ್ಟಿದ್ದವು. ಹಾಗಾದ ಮನೆಗಳಲ್ಲಿ ಆಗ ಒಂದು ಪದ್ಧತಿ. ಹುಟ್ಟಿದ ಮಗುವನ್ನು ಮೊರದಲ್ಲಿ ಮಲಗಿಸಿ ತೌಡಿಗೆ ಮಾರಿಬಿಡುವುದು. ಮಗು ಈ ತಾಯಿಯದಲ್ಲ, ಬೇರೆಯವಳದು ಎಂದಾದರೆ ಸಾವು ಅದನ್ನು ಹುಡುಕಿಕೊಂಡು ಬರುವುದಿಲ್ಲ ಎಂಬ ನಂಬಿಕೆ. ನಾನು ಹುಟ್ಟಿದ ದಿನ ಸೂಲಗಿತ್ತಿ ನನ್ನನ್ನು ಮೊರದಲ್ಲಿಟ್ಟು ಪಕ್ಕದ ಮನೆಗೆ ಕೊಟ್ಟಳಂತೆ. ಪುರಿಯವ್ವ ಮೂರು ಸೇರು ತೌಡು ಅಳೆದು ಕೊಟ್ಟು ನನ್ನನ್ನು ಕೊಂಡುಕೊಂಡಳಂತೆ. ಏಳು ವರ್ಷ ತುಂಬಿದ ದಿನ, ಹೊತ್ತು ಮುಳುಗುವುದರೊಳಗೆ, ಅಷ್ಟೇ ತೌಡು ಹಿಂದಕ್ಕೆ ಕೊಟ್ಟು ಮಗುವನ್ನು ಬಿಡಿಸಿಕೊಳ್ಳಬೇಕು. ತಪ್ಪಿದರೆ ಮುಂದಿನ ಹುಟ್ಟಿದ ದಿನದವರೆಗೆ ಕಾಯಬೇಕು. ಅಲ್ಲಿಯ ತನಕ ಮಗು ಕೊಂಡವಳನ್ನೇ ಅವ್ವ ಎನ್ನಬೇಕು. ಹೆತ್ತವಳನ್ನು ಹಾಗೆ ಕರೆಯಕೂಡದು.

ನಾನು ಹೆತ್ತ ತಾಯಿಯನ್ನು ಅಕ್ಕ ಎಂದು ಕರೆಯುತ್ತಿದ್ದೆ. ಹಾಲು ಕುಡಿದಿದ್ದು ಅವಳದು, ಮಲಗುತ್ತಿದ್ದುದು ಅವಳ ಮಗ್ಗುಲಲ್ಲಿ. ಆದರೂ ಅಕ್ಕ. ನನಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಹಿತ್ತಿಲ ಬೇಲಿಯಲ್ಲಿ ನಾನು ನುಸುಳುವಷ್ಟು ಒಂದು ಕಿಂಡಿಯಿತ್ತು. ಈ ಕಡೆ ರಾಗಿ ಮುದ್ದೆ, ಆ ಕಡೆ ಬಿಸಿ ಪುರಿ. ಮಾರ್ನಮಿ ಮುಗಿದು ಐದನೇ ದಿನ, ಹುಣ್ಣಿಮೆಗೆ, ನಾನು ಹುಟ್ಟಿದ್ದು. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಎಣ್ಣೆನೀರು, ಹೊಸ ಬಟ್ಟೆ ಪುರಿಯವ್ವನ ಮನೆಯಲ್ಲಿ. ಆಯುಧಪೂಜೆಗೆ ಮೂರು ದಿನ ಬಟ್ಟಿಯ ಮುಂದೆ ಬೆಂದು ಕೈಯೆಲ್ಲ ಬೊಬ್ಬೆ ಎದ್ದಿದ್ದರೂ, ಅದೇ ಕೈಯಲ್ಲಿ ನನ್ನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಸಂಜೆ ನಮ್ಮ ಮನೆಯಲ್ಲಿ ಊಟ. ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು. ಮಳೆ ಹೋಗಿ ಆಕಾಶ ತೊಳೆದಿಟ್ಟ ಹಾಗಿರುತ್ತಿತ್ತು... ನನ್ನ ಇಡೀ ಬಾಳಿನಲ್ಲಿ ಅಂಥ ಸಂಜೆಗಳು ಮತ್ತೆ ಬರಲಿಲ್ಲ ಎಂದರೆ ಈ ಮನೆಯವರು ಬೇಜಾರು ಮಾಡಿಕೊಂಡಾರು.

ಬೀದಿಯ ಮಕ್ಕಳು ಮಾತ್ರ ನನ್ನನ್ನು "ತೌಡಿ, ತೌಡಿ, ಮೂರ್ ಸೇರ್ ತೌಡಿ" ಎಂದು ರೇಗಿಸುತ್ತಿದ್ದರು. ಅದೊಂದು ನನಗೆ ಉರಿ.

ಏಳು ತುಂಬಿದ ವರ್ಷ ಯುದ್ಧದ ಕಾಲ. ಅಕ್ಕಿಗೆ ರೇಷನ್ ಬಂದಿತ್ತು. ನಮ್ಮದು ರಾಗಿ ಹೊಲ ಮತ್ತು ಪೇಟೆಯಲ್ಲಿ ಒಂದು ಚಿಲ್ಲರೆ ಅಂಗಡಿ. ಮನೆಯಲ್ಲಿ ಒಂದು ಕಾಳು ಭತ್ತವಿರಲಿಲ್ಲ. ಗದ್ದೆಗಳಲ್ಲಿ ಹೊಸ ಭತ್ತ ಇನ್ನೂ ಹಾಲುಗಟ್ಟುತ್ತಿತ್ತು. ಅಪ್ಪ ಮಿಲ್ಲಿಗೆ ಹೋಗಿ ತೌಡು ತಂದರು. ಬೆಳಿಗ್ಗೆಯೇ ಅಪ್ಪ, ತಾಯಿ ಇಬ್ಬರೂ ಮೊರ ಹಿಡಿದುಕೊಂಡು ಪಕ್ಕದ ಮನೆಗೆ ಬಂದರು. ನಾನು ಆಗಷ್ಟೇ ಎಣ್ಣೆನೀರು ಹಾಕಿಸಿಕೊಂಡು, ಪುರಿಯವ್ವ ಹೊಲಿಸಿದ್ದ ಕೆಂಪು ಲಂಗ ಉಟ್ಟು ಬಟ್ಟಿಯ ಪಕ್ಕ ಕೂದಲು ಒಣಗಿಸಿಕೊಳ್ಳುತ್ತಿದ್ದೆ.

"ಚಿಕ್ಕವ್ವ, ತಗೊ. ಮೂರ್ ಸೇರ್ಗೆ ಒಂದಿಡಿ ಜಾಸ್ತಿನೇ ಅದೆ. ಮಗೀನ ಕೊಡು" ಎಂದರು ಅಪ್ಪ.

ಪುರಿಯವ್ವ ತೌಡನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಎಲ್ಲೀದ್ಲಾ ಇದು?"

"ಮಿಲ್ಲಿಂದು."

"ನಾನು ಕೊಟ್ಟಿದ್ದು ಮಿಲ್ಲಿಂದಾ?"

"ತೌಡು ತೌಡೇ ಅಲ್ವಾ ಚಿಕ್ಕವ್ವ."

"ಅಂಗಾರೆ ಮಕ್ಳೂ ಮಕ್ಳೇ. ಬೀದೀಲಿ ಬೇಕಾದಷ್ಟವೆ, ಯಾವುದಾರ ಒಂದ ಎತ್ಕಂಡೋಗು."

ಅಪ್ಪ ನಕ್ಕರು. ಅವಳು ನಗಲಿಲ್ಲ. ಒನಕೆಯಲ್ಲಿ ಕುಟ್ಟಿದ ತೌಡು ಕೊಟ್ಟು ಕೊಂಡಿದ್ದೇನೆ, ಅದೇ ತೌಡು ಬರಬೇಕು, ಇಲ್ಲದಿದ್ದರೆ ಬರುವ ವರ್ಷ ನೋಡೋಣ ಎಂದು ಬೆನ್ನು ತಿರುಗಿಸಿ ಬಾಣಲೆಯ ಮರಳು ಕೆದಕತೊಡಗಿದಳು.

ನಮ್ಮ ತಾಯಿ ಎಂದೂ ಅವಳ ಎದುರು ದನಿ ಎತ್ತಿದವಳಲ್ಲ. ಅವತ್ತು ಹೊಸಿಲು ಹಿಡಿದುಕೊಂಡು, "ಅತ್ತೆ, ಹೆತ್ತು ಏಳ್ ವರ್ಸ ಆಯ್ತು. ಒಂದು ಕಿತ ಅವ್ವ ಅನ್ಸ್ಕಂಡಿಲ್ಲ ನಾನು" ಎಂದಳು.

ಪುರಿಯವ್ವ ತಿರುಗಿ ನೋಡದೆಯೇ ಹೇಳಿದಳು. "ನಾನು ಅನ್ಸ್ಕಂಡಿರೋದೂ ಏಳೇ ವರ್ಸ ಕಣಮ್ಮಿ."

ಅಪ್ಪ ಯಾರದೋ ಸೈಕಲ್ಲು ಎರವಲು ತೆಗೆದುಕೊಂಡು ಹಳ್ಳಿಮೈಸೂರಿನ ಕಡೆಗೆ ಹೊರಟರು. ಅಲ್ಲಿ ಇನ್ನೂ ಮನೆಯಲ್ಲೇ ಕುಟ್ಟುವವರು ಸಿಕ್ಕಾರು ಎಂಬ ಆಸೆ. ತಾಯಿ ಮನೆಗೆ ಹೋಗಿ ಒಬ್ಬಟ್ಟಿನ ಹೂರಣ ರುಬ್ಬಲು ಕುಳಿತಳು. ನಾನು ಕಿಂಡಿಯಲ್ಲಿ ನುಸುಳಿ ಹೋಗಿ ಕೈಚಾಚಿದೆ. "ಬ್ಯಾಡ ಕಣೆ. ನಿನ್ನ ಬುಡುಸ್ಕಂಡ ಮೇಲೇ ಪೂಜೆ. ಆಮೇಲೇ ಒಬ್ಬಟ್ಟು" ಎಂದಳು. ಅವಳ ಕಣ್ಣಿನ ನೀರು ಗುಂಡುಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈಯೆಲ್ಲ ಹೂರಣ.

ಮಧ್ಯಾಹ್ನ ಕಳೆದ ಮೇಲೆ ಅಪ್ಪ ಬರಿಗೈಯಲ್ಲಿ ಬಂದರು. "ಎಲ್ಲ ಮಿಲ್ಲಿಗೆ ಆಕ್ತಾವ್ರೆ ಕಣೆ. ಒನಕೆಗಳ್ಗೆ ಗೆದ್ಲು ಇಡಿದದೆ" ಎಂದು ಜಗಲಿಯ ಮೇಲೆ ಕುಸಿದು ಕುಳಿತರು. ಬಿಸಿಲು ಎದುರು ಮನೆಯ ಗೋಡೆ ಹತ್ತುತ್ತಿತ್ತು.

ಆಗ ನಾನು ಮಾಡಿದ್ದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಕಿಂಡಿಯಲ್ಲಿ ನುಸುಳಿ ಪುರಿಯವ್ವನ ಹಿಂದಿನ ಕೋಣೆಗೆ ಹೋದೆ. ಅವಳು ಮುಂದುಗಡೆ ಗಿರಾಕಿಗೆ ಪುರಿ ಅಳೆಯುತ್ತಿದ್ದಳು. ಗುಡಾಣಕ್ಕೆ ಕೈಹಾಕಿ ತೌಡು ತೋಡಿ ತೋಡಿ ಹೊಸ ಲಂಗದ ಮಡಿಲಿಗೆ ತುಂಬಿಕೊಂಡೆ. ನಮ್ಮ ಕೊಟ್ಟಿಗೆಯ ಮೂಲೆಯ ಹಳೆಯ ಕುಕ್ಕೆಗೆ ಸುರಿದೆ. ಮತ್ತೆ ಹೋದೆ. ಮೂರು ಸಲ. ಆಮೇಲೆ ಅಪ್ಪನ ಬಳಿ ಹೋಗಿ, "ಕೊಟ್ಗೆ ಕುಕ್ಕೇಲಿ ತೌಡು ಅದೆ" ಎಂದೆ. ಅಪ್ಪ ನೋಡಿದರು. "ಅರೆ, ಹಸುಗೆ ಅಂತ ಇಟ್ಟಿದ್ ಹಳೇದು ಉಳ್ಕಂಡದೆ ಕಣೆ" ಎಂದು ತಾಯಿಯನ್ನು ಕೂಗಿದರು. ಎಲ್ಲಿಂದ ಬಂತು ಎಂದು ಇಬ್ಬರೂ ಕೇಳಲಿಲ್ಲ. ಕೇಳುವ ಹೊತ್ತೂ ಅದಲ್ಲ.

ಯಾಕೆ ಮಾಡಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ತಾಯಿಯ ಕಣ್ಣೀರು ನೋಡಲಾರದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅದೂ ಇತ್ತೇನೋ... ತೌಡಿ ಎನ್ನಿಸಿಕೊಳ್ಳುವುದು ತಪ್ಪಲಿ ಎಂದೂ ಇತ್ತು. ಆದರೆ ಚೆನ್ನಾಗಿ ನೆನಪಿರುವುದು ಒಬ್ಬಟ್ಟಿನ ಆಸೆ.

ಹೊತ್ತು ಇಳಿಯುವ ಮುಂಚೆ ಮತ್ತೆ ಮೊರ ಹೋಯಿತು. ಪುರಿಯವ್ವ ತನ್ನ ಸೇರು ತಂದು ತಾನೇ ಅಳೆದಳು. ಒಂದು, ಎರಡು, ಮೂರು. ಸರಿಹೋಯಿತು. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಹಲ್ಲಿನ ನಡುವೆ ಕರ್ ಎಂದು ಮರಳು ಸದ್ದಾಯಿತು. ಬಟ್ಟಿಯ ಮರಳಿನ ಹುಡಿ ಆ ಮನೆಯ ತೌಡಿನಲ್ಲಿ ಬಿಟ್ಟರೆ ಊರಿನಲ್ಲಿ ಇನ್ಯಾರ ತೌಡಿನಲ್ಲೂ ಇರುವಂತಿಲ್ಲ. ಅವಳು ಅಗಿಯುವುದನ್ನು ನಿಲ್ಲಿಸಿದಳು. ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು. ನನ್ನ ಕೆಂಪು ಲಂಗದ ಮಡಿಲೆಲ್ಲ ಹಳದಿ ಹಿಡಿದಿತ್ತು.

ಕೂಗಿಬಿಡುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ಹತ್ತಿರ ಎಳೆದುಕೊಂಡು, ಅವರಿಬ್ಬರಿಗೆ ಬೆನ್ನು ಮಾಡಿ ಕುಳಿತು, ಲಂಗ ಸರಿಮಾಡುವವಳ ಹಾಗೆ ಆ ಹಳದಿಯನ್ನೆಲ್ಲ ಕೊಡವಿದಳು. ಒಂದು ಕಣವೂ ಉಳಿಯದ ಹಾಗೆ, ನಿಧಾನವಾಗಿ. ಎರಡು ಸಲ ಕೊಡವಿದಳು.

"ಒನಕೆ ತೌಡೇ ಕಣಪ್ಪ. ಸರಿಯಾಗದೆ" ಎಂದಳು. "ಮೊರದಾಗೆ ನಿಲ್ಲಿಸ್ತೀನಿ, ಬೇಗ ಎತ್ಕಳಿ. ಕತ್ತೆ ಅಂಗೆ ಬೆಳ್ದವ್ಳೆ, ಮೊರ ಮುರ್ದೋದಾತು."

ಎಲ್ಲರೂ ನಕ್ಕರು. ಅಪ್ಪ ನನ್ನನ್ನು ಮೊರದಿಂದ ಎತ್ತಿ ತಾಯಿಯ ಸೊಂಟಕ್ಕೆ ಕೊಟ್ಟರು.

ಅವತ್ತು ಸಂಜೆ ಅವಳು ಊಟಕ್ಕೆ ಬಂದಳು. ಒಳಗೆ ಬಾ ಎಂದರೂ ಬಾಗಿಲ ಹತ್ತಿರವೇ ಎಲೆ ಹಾಕಿಸಿಕೊಂಡಳು. ಒಂದೇ ಒಬ್ಬಟ್ಟು ತಿಂದಳು. ನಾನು ಬಾಯಿ ತುಂಬಿಕೊಂಡೇ, "ಅವ್ವ, ಇನ್ನೊಂದು ಆಕಿಸ್ಕ" ಎಂದೆ.

"ನಿಮ್ಮವ್ವ ಅಲ್ಲಿ ಒಲೆ ಮುಂದೆ ಅವ್ಳೆ. ಅವ್ಳ ಕೇಳು."

ನಾನು ಒಲೆಯ ಕಡೆ ತಿರುಗಿ, "ಅವ್ವ, ತುಪ್ಪ" ಎಂದೆ. ನಮ್ಮ ತಾಯಿ ಸವುಟು ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕುಳಿತುಬಿಟ್ಟಳು. ಅವಳನ್ನು ಎಬ್ಬಿಸಿ ನಗಿಸುವುದರಲ್ಲಿ ನಾವು ಮುಳುಗಿದ್ದೆವು. ಬಾಗಿಲ ಕಡೆ ನೋಡುವ ಹೊತ್ತಿಗೆ ಅಲ್ಲಿ ಎಲೆ ಎತ್ತಿ ಸಾರಿಸಿಯೂ ಆಗಿತ್ತು.

ಮಾರನೆಯ ದಿನ ನೋಡಿದರೆ ಬೇಲಿಯ ಕಿಂಡಿಗೆ ಮುಳ್ಳು ಬಿದ್ದಿತ್ತು. ಪುರಿಗೆ ಹೋದರೆ ಎಲ್ಲ ಗಿರಾಕಿಗಳ ಹಾಗೆ ಬಟ್ಟಿಯ ಮುಂದೆ ನಿಲ್ಲಿಸಿಯೇ ಅಳೆಯುತ್ತಿದ್ದಳು. ಕೊಸರು ಮಾತ್ರ ಮಡಿಲು ತುಂಬುವಷ್ಟು. ಮರೆತು ಅವ್ವ ಎಂದರೆ, "ಅಂಗನ್ಬ್ಯಾಡ ಕಣವ್ವ. ನಿಮ್ಮಪ್ಪ ಸರಿಯಾಗಿ ಕೊಟ್ಟು ತಗಂಡವ್ನೆ" ಎನ್ನುತ್ತಿದ್ದಳು. ಕೋಪವಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನು ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಹೇಳಬೇಕಾದದ್ದು ನಾನು ಕದ್ದೆ ಎಂದಲ್ಲ, ಅದು ಅವಳಿಗೆ ಗೊತ್ತೇ ಇತ್ತು. ನಿನ್ನನ್ನು ಬಿಟ್ಟುಹೋಗಬೇಕು ಎಂದು ಕದಿಯಲಿಲ್ಲ, ಬೇಲಿಯ ಕಿಂಡಿ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ... ಅಷ್ಟು ಹೇಳಬೇಕಿತ್ತು. ಏಳು ವರ್ಷದವಳಿಗೆ ಆ ಮಾತು ಎಲ್ಲಿಂದ ಬರಬೇಕು. ಬರುವ ವಯಸ್ಸಾಗುವ ಹೊತ್ತಿಗೆ ಅವಳು ಇರಲಿಲ್ಲ.

ಮುಂದಿನ ವರ್ಷ ಭತ್ತ ಸಿಗುವುದೇ ಕಷ್ಟವಾಗಿ ಬಟ್ಟಿ ಆರಿತು. ಒಂದು ದಿನ ನಾನು ಹೊಳೆಯ ಹತ್ತಿರ ಆಡಿಕೊಂಡು ಬರುವಷ್ಟರಲ್ಲಿ, ಅವಳ ತಮ್ಮನ ಗಾಡಿ ಬಂದು ಅವಳನ್ನು ಅರಕಲಗೂಡಿಗೆ ಕರೆದುಕೊಂಡು ಹೋಗಿತ್ತು. ನನ್ನ ಮದುವೆ ಚನ್ನರಾಯಪಟ್ಟಣದ ಕಡೆಗೆ ಗೊತ್ತಾದಾಗ ಅಪ್ಪ ಅವಳಿಗೆ ಹೇಳಿಕಳಿಸಿದರು. ಹೋದವನು ತಿರುಗಿ ಬಂದು, ಪುರಿಯವ್ವ ತೀರಿಕೊಂಡು ಇಪ್ಪತ್ತು ದಿನವಾಯಿತು ಎಂದ.

ಆಗ ನಮ್ಮ ತಾಯಿ ಮಾಡಿದ ಒಂದು ಕೆಲಸವನ್ನು ನಾನು ಮರೆಯಲಾರೆ. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಉಟ್ಟ ಬಟ್ಟೆಯಲ್ಲೇ ಕೂರಿಸಿ, ತಲೆಯ ಮೇಲೆ ತಣ್ಣೀರು ಸುರಿದಳು.

"ನಂಗ್ಯಾಕವ್ವ?" ಎಂದೆ.

"ಮಗಳಾದವ್ಳು ಮೀಬೇಕು, ಸುಮ್ನೆ ಕೂತ್ಕ" ಎಂದಳು. ಇನ್ನೊಂದು ಬಿಂದಿಗೆ ಸುರಿಯುತ್ತ, "ಪಾಪ, ಅವತ್ತು ನನ್ ಕಣ್ಣೀರು ನೋಡಿ ಮನಸ್ಸು ಕರಗಿ ಕೊಟ್ಲು" ಎಂದಳು. ಕೊನೆಯವರೆಗೂ ಹಾಗೆಯೇ ನಂಬಿಕೊಂಡಿದ್ದಳು.

ಹುಟ್ಟುಹಬ್ಬ ಚೆನ್ನಾಗಿ ಆಯಿತು. ಮನೆ ತುಂಬ ಮಕ್ಕಳು, ಕೂತಲ್ಲಿ ನಿಂತಲ್ಲಿ ಬಲೂನು. ನನ್ನ ಬಂಗಾರ ರೇಷ್ಮೆ ಲಂಗ ಉಟ್ಟುಕೊಂಡು ನಡುಮನೆಗೆ ಬಂದರೆ ನನಗೆ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಿಸಲಿಲ್ಲ. ಕೇಕ್ ಕೊಯ್ಯುವ ಮೊದಲು ಹಿರಿಯರಿಗೆಲ್ಲ ನಮಸ್ಕಾರ ಮಾಡು ಎಂದು ಸೊಸೆ ಹೇಳಿದಳು. ಮಗು ನಮಗೆಲ್ಲ ಮಾಡಿ, ಆಮೇಲೆ ಗೋಡೆಯ ಮೇಲಿನ ಫೋಟೋಗಳಿಗೂ ಒಂದೊಂದಾಗಿ ಕೈಮುಗಿದಳು. ನನ್ನ ಯಜಮಾನರು, ನಮ್ಮಪ್ಪ, ನಮ್ಮವ್ವ. ಪುರಿಯವ್ವನನ್ನು ಯಾರೂ ಫೋಟೋ ಹಿಡಿದಿರಲಿಲ್ಲ. ಅವಳ ನಿಜವಾದ ಹೆಸರೇನೆಂದು ನಾನು ಯಾರನ್ನೂ ಕೇಳಲಿಲ್ಲ, ಈಗ ಕೇಳಿದರೆ ಹೇಳುವವರಿಲ್ಲ.

"ಅಜ್ಜಿ, ಎಲ್ಲರಿಗೂ ಆಯ್ತಾ? ಇನ್ನೂ ಯಾರಾದ್ರೂ ಇದಾರಾ?" ಎಂದು ಮಗು ನನ್ನ ಸೆರಗು ಜಗ್ಗಿತು.

ಎಲ್ಲರೂ ಕಾಯುತ್ತಿದ್ದರು. ಮೇಣದಬತ್ತಿ ಕರಗುತ್ತಿತ್ತು.

"ಆಯ್ತು ಕಣವ್ವ, ಓಗು" ಎಂದುಬಿಟ್ಟೆ.