ಏರಿ ಮುಗಿಯೋ ಕಡೆ

ಬಿಟಿಎಂ ಎರಡನೇ ಹಂತದ ನನ್ನ ಬಾಡಿಗೆ ಮನೆಯಿಂದ ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಊರಾಚೆ ಹೋಗಲು ಮೂರು ದಾರಿಗಳಿದ್ದವು. ಬನ್ನೇರುಘಟ್ಟ ರಸ್ತೆ ನೇರ, ಆದರೆ ಅಲ್ಲಿ ಜಲ್ಲಿ ಲಾರಿಗಳದ್ದೇ ದರ್ಬಾರು. ಕನಕಪುರ ರಸ್ತೆ ಹಿಡಿಯಬೇಕೆಂದರೆ ಜಯನಗರ ಸುತ್ತಿ, ಬನಶಂಕರಿ ದೇವಸ್ಥಾನದ ಮುಂದಿನ ಬಸ್ಸುಗಳ ನಡುವೆ ನುಸುಳಿ, ಸಾರಕ್ಕಿ ಸಿಗ್ನಲ್ಲಿನಲ್ಲಿ ಒಂದು ಕಾಲು ನೆಲಕ್ಕೂರಿ ಹೊಗೆ ಕುಡಿಯಬೇಕು. ಮೂರನೆಯದು ಜೆ.ಪಿ. ನಗರದ ಹಂತಗಳನ್ನು ದಾಟಿ, ಕೊತ್ತನೂರು ದಿಣ್ಣೆಯ ಮೇಲೆ ಹಾದು ಅಂಜನಾಪುರಕ್ಕೆ ಹೋಗುವ ದಾರಿ. ಆ ಹಂತಗಳು ಎಣಿಕೆಯ ಕ್ರಮದಲ್ಲಿ ಸಿಗುವುದಿಲ್ಲ ಎಂದು ಗೊತ್ತಾಗಲು ನನ್ನಂಥ ಹೊಸಬನಿಗೆ ಒಂದು ತಿಂಗಳೇ ಹಿಡಿಯಿತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದವು. ಧಾರವಾಡದ ಕಡೆಯಿಂದ ಬಂದು ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಗೇರಿನ ಸೈಕಲ್ ಕೊಂಡ ಮೇಲೆ ಮನುಷ್ಯನಿಗೆ ಒಂದು ಬಗೆಯ ಹುಚ್ಚು ಹಿಡಿಯುತ್ತದೆ: ರಸ್ತೆಯೆಂದರೆ ಏರು ಮತ್ತು ಇಳಿಜಾರು, ಮಿಕ್ಕಿದ್ದೆಲ್ಲ ಮಧ್ಯೆ ಬರುವ ತಾಪತ್ರಯ. ನಾನು ಆಫೀಸಿನ ರದ್ದಿ ಹಾಳೆಗಳ ಹಿಂಬದಿಯಲ್ಲಿ ದಾರಿಗಳನ್ನು ಬರೆದಿಡುತ್ತಿದ್ದೆ. ಎಲ್ಲಿ ಏರು, ಎಲ್ಲಿ ಗುಂಡಿ, ಎಲ್ಲಿ ನಾಯಿಗಳ ಕಾಟ, ಎಲ್ಲಿ ಒಳ್ಳೆಯ ಇಡ್ಲಿ. ಊರು ನೋಡುತ್ತಿದ್ದೇನೆ ಎಂದು ನಂಬಿದ್ದೆ. ಮುಂದಿನ ಚಕ್ರದ ಮುಂದಿನ ಹತ್ತು ಅಡಿ ಬಿಟ್ಟು ಹೆಚ್ಚೇನೂ ನೋಡುತ್ತಿರಲಿಲ್ಲ.

ಮನೆಯ ಮಾಲೀಕರು ಕೆಳಗಿನ ಮನೆಯಲ್ಲಿದ್ದರು. ಅರವತ್ತು ದಾಟಿದ ಮನುಷ್ಯ. ಅಂಜನಾಪುರದ ಆಚೆಗಿನ ಹಳ್ಳಿಯೊಂದರಲ್ಲಿ ಗದ್ದೆ ಇತ್ತು, ಅದನ್ನು ಲೇಔಟಿನವರಿಗೆ ಮಾರಿ ಇಲ್ಲಿ ಮೂರಂತಸ್ತು ಕಟ್ಟಿಸಿದ್ದರು. ನಾನು ಗೇಟಿನ ಬಳಿ ಕೂತು ಚೈನಿಗೆ ಎಣ್ಣೆ ಬಿಡುವಾಗ ಬಂದು ನಿಲ್ಲುತ್ತಿದ್ದರು. ತಾವೂ ಹರೆಯದಲ್ಲಿ ಕೊತ್ತಂಬರಿ, ದಂಟು ಸೊಪ್ಪಿನ ಮೂಟೆ ಕಟ್ಟಿಕೊಂಡು ಜಯನಗರದ ಮಾರ್ಕೆಟ್ಟಿಗೆ ಸೈಕಲ್ ತುಳಿದವರು. ನನ್ನ ಇಪ್ಪತ್ತೊಂದು ಗೇರುಗಳನ್ನು ಎಣಿಸಿ ನೋಡಿ, ಇಷ್ಟೆಲ್ಲ ಇಟ್ಟುಕೊಂಡು ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುತ್ತೀರಲ್ಲ ಎಂದು ಕಾಲೆಳೆದಿದ್ದರು.

ನಾನು ಅಂಜನಾಪುರದ ಕಡೆ ಹೋಗುತ್ತೇನೆಂದು ತಿಳಿದ ದಿನ ತಮಾಷೆ ನಿಂತಿತು. ತಮ್ಮ ಹಳ್ಳಿಯ ಹೆಸರು ಹೇಳಿ, ಒಂದು ಕೆಲಸ ಮಾಡಿಕೊಡಬೇಕೆಂದರು.

"ಅಂಜನಾಪುರ ದಾಟಿ ನಮ್ಮೂರ ಕಡೆ ತಿರುಗಿದ್ರೆ ಏರಿ ಸಿಗುತ್ತೆ. ಏರಿ ಮುಗಿಯೋ ಕಡೆ ಹೊಂಗೆ ಮರ, ಅದರ ಬುಡದಲ್ಲಿ ಒಂದು ಕಲ್ಲು. ನಮ್ಮನೆ ದೇವ್ರು. ಇದೆಯಾ ಇಲ್ವಾ, ಅಷ್ಟು ನೋಡ್ಕೊಂಡು ಬನ್ನಿ ಸಾರ್."

ಗದ್ದೆ ಮಾರಿದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಮಂಡಿ ನೋವು ಎಂದರು. ಮಂಡಿ ನೋವಿನವರು ಆಟೋದಲ್ಲಿ ಹೋಗಬಹುದಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಭಾನುವಾರ ಹೋದೆ. ಅಂಜನಾಪುರದ ಲೇಔಟಿನಲ್ಲಿ ಆಗ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಸೈಟಿನ ಕಲ್ಲುಗಳ ನಡುವೆ ಹುಲ್ಲು ಬೆಳೆದಿತ್ತು. ಅದನ್ನು ದಾಟಿ ತಿರುಗಿದೊಡನೆ ರಸ್ತೆ ಚೆನ್ನಾಗಿಯೇ ಏರಿತು. ಚಿಕ್ಕ ಗೇರಿಗೆ ಹಾಕಿ, ನಾಲಿಗೆ ಹೊರಗೆ ಬರುವಷ್ಟು ತುಳಿದು ಮೇಲೆ ಮುಟ್ಟಿದರೆ ಅಲ್ಲಿ ಹೊಂಗೆ ಮರ, ಬುಡದಲ್ಲಿ ಅರಿಶಿನ ಕುಂಕುಮ ಹಚ್ಚಿದ ಕಲ್ಲು. ಖುಷಿಯಿಂದ ಹಾಳೆಯಲ್ಲಿ ಗುರುತು ಹಾಕಿಕೊಂಡೆ. ವಾಪಸು ಬಂದು, "ಐತ್ರಿ ಅಂಕಲ್. ಕಲ್ಲೂ ಐತಿ, ಗಿಡಾನೂ ಐತಿ," ಎಂದೆ. ಅವರು ಗೇಟು ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡರು. ಅಷ್ಟು ದೊಡ್ಡ ಸುದ್ದಿ ತಂದಿದ್ದೇನೆಂದು ನನಗೆ ಅನಿಸಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ನನ್ನ ಬೆನ್ನ ಚೀಲದಲ್ಲಿ ಪಂಪು, ಸ್ಪ್ಯಾನರುಗಳ ಜೊತೆ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಊದುಬತ್ತಿ. ಕಾಯಿ ಒಡೆದು ಒಂದು ಹೋಳನ್ನು ಕಲ್ಲಿನ ಮುಂದಿಟ್ಟು ಇನ್ನೊಂದನ್ನು ತಂದುಕೊಡುತ್ತಿದ್ದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಒಯ್ಯುತ್ತಿದ್ದರು. ಮನುಷ್ಯನ ಮುಖವೇ ಬದಲಾಯಿತು. ಯುಗಾದಿ ಕಳೆದ ಮೇಲೆ ಅಣ್ಣತಮ್ಮಂದಿರನ್ನೆಲ್ಲ ಸೇರಿಸಿ, ವ್ಯಾನು ಮಾಡಿಕೊಂಡು ಹೋಗಿ, ಅಲ್ಲೇ ಅಡುಗೆ ಮಾಡಿ ಎಡೆ ಇಡುವುದೆಂದು ಗೊತ್ತುಮಾಡಿದರು. ನಾನೂ ಬರಬೇಕು, ಮುಂದೆ ಸೈಕಲ್ಲಿನಲ್ಲಿ ದಾರಿ ತೋರಿಸಬೇಕು ಎಂದು ಬೇರೆ ಹೇಳಿದರು. ಅವರೂರಿಗೆ ಅವರಿಗೇ ದಾರಿ ತೋರಿಸುವುದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು.

ಯುಗಾದಿಗೆ ಎರಡು ವಾರವಿರುವಾಗ, ಕಾಯಿ ಒಡೆದು ಸೈಕಲ್ ಹತ್ತಬೇಕು, ಹಿಂದಿನ ಚಕ್ರದಲ್ಲಿ ಗಾಳಿಯಿಲ್ಲ. ಬೇರೆ ಟ್ಯೂಬು ಮನೆಯಲ್ಲೇ ಉಳಿದಿತ್ತು. ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಪಂಕ್ಚರ್ ಅಂಗಡಿ ಎಲ್ಲಿದೆ ಎಂದು ಕೇಳಿದೆ. ಹಿಂಗೇ ಇಳಿದು ಏರಿ ಮೇಲೆ ಹೋಗಿ, ಅಲ್ಲಿದೆ ಎಂದಳು. ನಾನು ಸುತ್ತಲೂ ನೋಡಿದೆ. ನಾವು ನಿಂತದ್ದೇ ಏರಿಯ ನೆತ್ತಿಯ ಮೇಲೆ.

"ಇದೇ ಏರಿ ಅಲ್ಲೇನ್ರಿ?"

"ಇದು ದಿಣ್ಣೆ ಅಲ್ವಾ ಅಣ್ಣ. ಏರಿ ಅಂದ್ರೆ ಕೆರೇದು."

ನಮ್ಮ ಮನೆಮಾತಿನಲ್ಲಿ ಕೆರೆಯ ನೀರು ತಡೆಯುವ ಮಣ್ಣಿನ ಕಟ್ಟೆಗೆ ಒಡ್ಡು ಎನ್ನುತ್ತೇವೆ. ಏರಿ ಎಂದರೆ ನನ್ನ ಕಿವಿಗೆ ಏರುವ ದಾರಿ. ಅದರಲ್ಲೂ ಗೇರಿನ ಸೈಕಲ್ಲಿದ್ದವನ ಕಿವಿಗೆ ಬೇರೆ ಅರ್ಥ ಬೀಳುವುದೇ ಕಷ್ಟ. ಎರಡೂವರೆ ತಿಂಗಳು ನಾನು ಇನ್ಯಾರದೋ ದೇವರಿಗೆ ಕಾಯಿ ಒಡೆದಿದ್ದೆ.

ಸೈಕಲ್ ತಳ್ಳಿಕೊಂಡು ಕೆಳಗಿಳಿದೆ. ಏರಿ ಸಿಕ್ಕಿತು. ಅದರ ಮೇಲೆ ಡಾಂಬರು ಹಾಕಿ ರಸ್ತೆ ಮಾಡಿದ್ದರು, ಎಲ್ಲೂ ಒಂದಿಷ್ಟೂ ಏರಿಳಿತವಿಲ್ಲದ ಚಪ್ಪಟೆ ರಸ್ತೆ. ಒಂದು ಪಕ್ಕ ಆಪು ಹುಲ್ಲು ಬೆಳೆದ ಕೆರೆಯಂಗಳ, ಇನ್ನೊಂದು ಪಕ್ಕ ಗದ್ದೆಯಿದ್ದ ಕಡೆ ಲೇಔಟಿನ ಕಾಂಪೌಂಡು. ಏರಿ ಮುಗಿಯುವ ಕಡೆ ಮರವಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಇತ್ತು, ಅದರ ಎದುರಿಗೆ ಪಂಕ್ಚರ್ ಅಂಗಡಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ ಅಂಗಡಿಯವನನ್ನು ಕೇಳಿದೆ. ಮರ ರಸ್ತೆಗೆ ಹೋಯಿತು, ಕಲ್ಲನ್ನು ಮಣ್ಣಿನ ಜೊತೆ ಜೆಸಿಬಿ ಎತ್ತಿಕೊಂಡು ಹೋಯಿತು, ಎಲ್ಲಿಗೆ ಸುರಿದರೋ ಗೊತ್ತಿಲ್ಲ ಎಂದ. ಅವನಿಗೆ ಅದು ಹಳೆಯ ಸಮಾಚಾರ.

ವಾಪಸು ಬರುವಾಗ ಹೇಳುವುದೋ ಬೇಡವೋ ಎಂದು ಯೋಚಿಸಿದೆ. ಹೇಳದೆ ಇದ್ದುಬಿಡುವ ಆಸೆ ನಿಜವಾಗಿಯೂ ಇತ್ತು. ನನ್ನ ಪೆದ್ದುತನ ಮುಚ್ಚಿಹೋಗುತ್ತಿತ್ತು, ಅವರ ನೆಮ್ಮದಿಯೂ ಉಳಿಯುತ್ತಿತ್ತು. ಆದರೆ ವ್ಯಾನು ಗೊತ್ತುಮಾಡಿ ಆಗಿತ್ತು. ಅಣ್ಣತಮ್ಮಂದಿರ ಮುಂದೆ ಅವರು ಬೇರೆಯವರ ಕಲ್ಲಿನೆದುರು ನಿಂತು, ಇದಲ್ಲ ಎಂದು ತಿಳಿಯುವ ಗಳಿಗೆಯೇ ಕಣ್ಣ ಮುಂದೆ ಬರುತ್ತಿತ್ತು. ಕೊತ್ತನೂರು ದಿಣ್ಣೆ ಯಾವಾಗ ಹತ್ತಿದೆ, ಯಾವಾಗ ಇಳಿದೆ ಎಂಬುದೇ ಆ ದಿನ ಗೊತ್ತಾಗಲಿಲ್ಲ.

ಅವರು ಕಾಯಿಯ ಹೋಳಿಗೆ ಎರಡೂ ಕೈ ಚಾಚಿದಾಗ ಕೊಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಏರಿಯನ್ನು ನಾನು ದಿಣ್ಣೆ ಎಂದುಕೊಂಡದ್ದು, ಇಷ್ಟು ದಿನ ಹೋಗಿದ್ದು ಬೇರೆ ಕಡೆಗೆ, ನಿಜವಾದ ಜಾಗದಲ್ಲಿ ಈಗ ಏನಿದೆ ಎನ್ನುವುದು. ತಪ್ಪಾಯಿತೆಂದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಮೆಟ್ಟಿಲ ಮೇಲೆ ಕೂತರು. ಮರದ ಬಗ್ಗೆ ಕೇಳಲಿಲ್ಲ, ಕೆರೆಯ ಬಗ್ಗೆ ಕೇಳಲಿಲ್ಲ. ನನಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ಎನ್ನುವಂತೆ ಮಾತು ಬಂತು.

"ಗದ್ದೆ ರಿಜಿಸ್ಟ್ರು ಆಗೋ ದಿನ, ಮೂಲೇಲಿ ಕಲ್ಲಿರೋ ಅಷ್ಟು ಜಾಗ ಬಿಟ್ಟು ಬರೀರಿ ಅಂದೆ. ಅಲ್ಲಿದ್ದೋರೆಲ್ಲ ನಕ್ಕರು."

ಮಂಡಿ ನೀವಿಕೊಳ್ಳುತ್ತ ಮುಂದುವರಿಸಿದರು.

"ನಾನೂ ನಕ್ಬಿಟ್ಟೆ ಸಾರ್. ನಕ್ಕೊಂಡೇ ಸೈನ್ ಹಾಕ್ದೆ."